ಏಡಿ ಮೇಸ್ತ್ರಿಗೆ ಇನ್ನೊಂದು ಶಾಲು ಬೇಡ

ಉಡುಪಿಯ ಜಿಲ್ಲಾಧಿಕಾರಿಯವರಿಗೆ,

ನಮಸ್ಕಾರ. ಈ ಸಲ ವಿಟ್ಲಪಿಂಡಿಯ ದಿನ, ಅಂದರೆ ಕೃಷ್ಣಾಷ್ಟಮಿಯ ಮರುದಿನ, ನೀವು ರಥಬೀದಿ ಕಡೆ ಬಂದಿದ್ದರೆ ಒಂದು ಏಡಿಯನ್ನು ನೋಡಿರಬಹುದು. ಆರಡಿ ಎತ್ತರ, ಮೈಯೆಲ್ಲ ಕೆಂಪು. ಇಕ್ಕಳದಂಥ ಒಂದು ಕೊಂಬಿನಲ್ಲಿ ಹುಂಡಿ, ಇನ್ನೊಂದು ಕೊಂಬು ಮಕ್ಕಳನ್ನು ಹೆದರಿಸಲು. ಆ ಏಡಿಯ ಒಳಗೆ ಇದ್ದದ್ದು ನಮ್ಮ ಪಕ್ಕದ ಮನೆಯ ಮೇಸ್ತ್ರಿ. ಅದರ ಹಿಂದೆ ನೀರಿನ ಬಾಟ್ಲಿ, ಸ್ಟ್ರಾ ಹಿಡಿದುಕೊಂಡು ಓಡುತ್ತಿದ್ದದ್ದು ನಾನು.

ಅವರ ಹೆಸರು ಇಲ್ಲಿ ಬರೆಯುವುದಿಲ್ಲ. ಬರೆದರೆ ಬೈಯುತ್ತಾರೆ. ಊರಲ್ಲಿ ಎಲ್ಲರೂ ಏಡಿ ಮೇಸ್ತ್ರಿ ಎಂದೇ ಕರೆಯುವುದು. ಅಷ್ಟಮಿಗೆ ವೇಷ ಹಾಕಿ ಒಟ್ಟುಮಾಡಿದ ದುಡ್ಡನ್ನು ಅವರು ಕಾಯಿಲೆಯ ಮಕ್ಕಳಿಗೆ ಕೊಡುತ್ತಾರೆ.

ಮೊನ್ನೆ ಒಬ್ಬರು ಅವರ ಮನೆಗೆ ಬಂದು, ರಾಜ್ಯೋತ್ಸವಕ್ಕೆ ಜಿಲ್ಲಾ ಪ್ರಶಸ್ತಿಗೆ ಅರ್ಜಿ ಹಾಕಿ ಎಂದು ಕಾಗದ ಕೊಟ್ಟು ಹೋದರು. ಅದರಲ್ಲಿ ಫೋಟೋ ಅಂಟಿಸುವ ಜಾಗ ಇತ್ತು. ಮೇಸ್ತ್ರಿ ನನ್ನನ್ನು ಕರೆದು, "ಯಾವ ಮುಖದ್ದು ಕೊಡುವುದು ಮಾರಾಯ?" ಎಂದು ಕೇಳಿದರು. ಆಮೇಲೆ ಆ ಕಾಗದವನ್ನು ಮಡಿಸಿ ಜೇಬಿಗೆ ಹಾಕಿಕೊಂಡರು. ಹಿಂಬದಿ ಖಾಲಿ ಇತ್ತಲ್ಲ, ಈಗ ಅದರಲ್ಲಿ ಸಿಮೆಂಟಿನ ಲೆಕ್ಕ ಉಂಟು. ಅರ್ಜಿ ಬರುವುದಿಲ್ಲ ಎಂದು ನಿಮಗೆ ತಿಳಿಸುವ ಕೆಲಸ ನನ್ನ ಪಾಲಿಗೆ ಬಂತು. ಬರೆಯಲು ಕೂತ ಮೇಲೆ ಬೇರೆ ವಿಷಯವೂ ನೆನಪಾಯಿತು.

ಅಷ್ಟಮಿಗೆ ವೇಷ ಹಾಕುವುದು ನಮ್ಮ ಕಡೆ ಹೊಸತೇನಲ್ಲ. ಹುಲಿವೇಷ ಉಂಟು, ಹರಕೆಯ ವೇಷ ಉಂಟು. ಹಿಂದೆ ಹುಲಿವೇಷದವರು ಎನಾಮಲ್ ಬಣ್ಣ ಹಚ್ಚಿ, ಆಮೇಲೆ ಸೀಮೆಎಣ್ಣೆ ಹಾಕಿ ತಿಕ್ಕಿಕೊಳ್ಳುತ್ತಿದ್ದರು. ಆದರೆ ವೇಷದ ದುಡ್ಡನ್ನು ಪೂರ್ತಿ ಕಾಯಿಲೆಯ ಮಕ್ಕಳಿಗೆ ಕೊಡುವುದರಲ್ಲಿ ದೊಡ್ಡ ಹೆಸರು ಮಾಡಿದವರು ರವಿ ಕಟಪಾಡಿ. ಅವರೂ ಕಟ್ಟಡ ಕೆಲಸದವರೇ. ಸಿನಿಮಾದ ವಿಚಿತ್ರ ಜೀವಿಗಳ ವೇಷ ಹಾಕಿ ದುಡ್ಡು ಒಟ್ಟುಮಾಡಿ, ಕೊನೆಗೆ ಅಮಿತಾಭ್ ಬಚ್ಚನ್ ಎದುರು ಕೌನ್ ಬನೇಗಾ ಕರೋಡ್‌ಪತಿಯಲ್ಲೂ ಕೂತು ಬಂದರು. ನಮ್ಮ ಮೇಸ್ತ್ರಿ ಶುರು ಮಾಡಿದ್ದು ಅವರನ್ನು ನೋಡಿಯೇ. ಅದನ್ನು ಎಲ್ಲರ ಎದುರೂ ಹೇಳುತ್ತಾರೆ.

ಆಟಿ ತಿಂಗಳ, ಅಂದರೆ ಜುಲೈ-ಆಗಸ್ಟಿನ, ಮಳೆಗೆ ಗೋಡೆ ಸಾರಣೆ ಕೆಲಸ ಕಡಿಮೆ. ಆಗ ಅವರ ಚಾವಡಿಯೇ ಕಾರ್ಖಾನೆ. ಪಿವಿಸಿ ಪೈಪು, ಥರ್ಮೋಕೋಲು, ಹಳೆ ಕೊಡೆಯ ಕಡ್ಡಿ, ಹಾಸಿಗೆಯ ಸ್ಪಂಜು. ದೈವದ ವೇಷವನ್ನು ಮಾತ್ರ ಅವರು ಮುಟ್ಟುವುದಿಲ್ಲ. ಅದು ಕಟ್ಟುವವರು ಬೇರೆ, ಅದಕ್ಕೊಂದು ಕ್ರಮ ಉಂಟು, ಹುಂಡಿ ಹಿಡಿದು ಪೇಟೆ ತಿರುಗಲಿಕ್ಕೆ ಅಲ್ಲ ಎನ್ನುತ್ತಾರೆ. ಏಡಿಯೇ ಯಾಕೆ ಎಂದು ಕೇಳಿದರೆ, ಮಳೆಗಾಲದಲ್ಲಿ ಗದ್ದೆ ಬದಿಯಲ್ಲಿ ಏಡಿ ಹಿಡಿದು ದೊಡ್ಡವನಾದವ ಸಿಂಹ ಆಗ್ಲಿಕ್ಕೆ ಉಂಟಾ ಎಂದು ನಮ್ಮನ್ನೇ ಕೇಳುತ್ತಾರೆ. ಏಡಿ ಅಂದ ಮೇಲೆ ಅಡ್ಡ ನಡೆಯಲೇ ಬೇಕಂತೆ. ಎರಡು ದಿನ ಪೂರ್ತಿ ಅಡ್ಡ ನಡೆಯುತ್ತಾರೆ. ಆಮೇಲೆ ಒಂದು ವಾರ ಅವರ ಮೊಣಕಾಲಿಗೆ ಎಣ್ಣೆ ತಿಕ್ಕುವುದು ಅಕ್ಕ, ಅಂದರೆ ಅವರ ಹೆಂಡತಿ. "ಇವರು ನೆಟ್ಟಗೆ ನಡೆದದ್ದು ಯಾವಾಗ?" ಎಂದು ತಿಕ್ಕುತ್ತಲೇ ಗೊಣಗುತ್ತಾರೆ.

ಹುಂಡಿಯ ವಿಷಯದಲ್ಲಿ ಮೇಸ್ತ್ರಿ ಸ್ವಲ್ಪ ಅತಿ ಅಂತ ನನಗೂ ಅನಿಸುವುದುಂಟು. ಹುಂಡಿಯ ದುಡ್ಡಿನಲ್ಲಿ ಒಂದು ಚಾ ಕೂಡ ಇಲ್ಲ. ಜೊತೆಗೆ ಬರುವ ಹುಡುಗರ ಬಸ್ಸಿನ ಖರ್ಚು ಅವರ ಕೂಲಿಯಿಂದ. ರಾತ್ರಿ ಭಜನಾ ಮಂದಿರದಲ್ಲಿ ಚಾಪೆ ಹಾಸಿ ಎಲ್ಲರ ಎದುರು ಎಣಿಸಬೇಕು, ಐದು ಜನ ಸಹಿ ಹಾಕಬೇಕು. ಎಣಿಸಿ ಮುಗಿಯುವವರೆಗೆ ಬಣ್ಣ ತೊಳೆಯುವ ಹಾಗಿಲ್ಲ. "ಜನ ದುಡ್ಡು ಕೊಟ್ಟದ್ದು ಏಡಿಗೆ. ಲೆಕ್ಕವನ್ನೂ ಏಡಿಯೇ ನೋಡಬೇಕು." ರಾತ್ರಿ ಎರಡು ಗಂಟೆಗೆ ಕಂಬಕ್ಕೆ ಒರಗಿ ಕೂತ ಆರಡಿ ಏಡಿ, ಎದುರಿಗೆ ಚಿಲ್ಲರೆಯ ರಾಶಿ, ನಡುವೆ ನಿದ್ದೆ ತೂಗುವ ನಾವು. ನೀವೊಮ್ಮೆ ನೋಡಬೇಕು.

ಶಾಲುಗಳ ಕತೆಯನ್ನೂ ಹೇಳಿಬಿಡುತ್ತೇನೆ. ಅವರ ಮನೆಯಲ್ಲಿ ಈಗ 14 ಶಾಲು ಉಂಟು. ಎರಡು ಕಿಟಕಿಯ ಪರದೆ ಆಗಿವೆ. ಒಂದು ಗ್ರೈಂಡರಿನ ಮೇಲೆ. ಒಂದು ಸನ್ಮಾನದ ಪೇಟದಲ್ಲಿ ಬೆಕ್ಕು ಮರಿ ಹಾಕಿತ್ತು. ಕೊಟ್ಟವರನ್ನು ತಮಾಷೆ ಮಾಡುತ್ತಿಲ್ಲ, ಅವರು ಪ್ರೀತಿಯಿಂದಲೇ ಕೊಟ್ಟದ್ದು. ಆದರೆ 15ನೆಯದನ್ನು ಇಡಲು ಜಾಗ ಇಲ್ಲ.

ಶಾಲಿನ ಬದಲು ನೀವು ಅವರ ನೋಟ್‌ಬುಕ್ ಓದಬೇಕು ಎಂಬುದು ನನ್ನ ಬೇಡಿಕೆ. ಮಕ್ಕಳು ಶಾಲೆಗೆ ಒಯ್ಯುವಂಥ ನೂರು ಪುಟದ ಪುಸ್ತಕ. ಯಾವ ಮಗುವಿಗೆ ಎಷ್ಟು, ಯಾತಕ್ಕೆ ಎಂದು ಮೇಸ್ತ್ರಿ ಅದರಲ್ಲಿ ಬರೆದಿಟ್ಟಿದ್ದಾರೆ. ಆ 'ಯಾತಕ್ಕೆ' ಎಂಬ ಸಾಲನ್ನು ನಾನು ಇತ್ತೀಚೆಗೆ ಕೂತು ಓದಿದೆ. ಆಪರೇಷನ್ ಖರ್ಚೇ ಜಾಸ್ತಿ ಇರಬಹುದು ಅಂದುಕೊಂಡಿದ್ದೆ. ಅಲ್ಲ. ಬಸ್ಸು, ರಿಕ್ಷಾ, ಆಸ್ಪತ್ರೆಯ ಹತ್ತಿರದ ರೂಮು ಬಾಡಿಗೆ. ಅಡ್ಮಿಟ್ ಆಗುವ ಮೊದಲು ಮಾಡಿಸಿದ ಟೆಸ್ಟು. ಮನೆಗೆ ಬಂದ ಮೇಲೆ ತಿಂಗಳು ತಿಂಗಳು ಮಾತ್ರೆ. "ಅಪ್ಪ ಕೆಲಸಕ್ಕೆ ಹೋಗದ 22 ದಿನದ ಅಕ್ಕಿ" ಎಂದು ಒಂದು ಕಡೆ ಬರೆದಿದೆ.

ಸರಕಾರದ ಯೋಜನೆ ಇಲ್ಲ ಎಂದು ನಾನು ಹೇಳುವುದಿಲ್ಲ. 2018ರಿಂದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಉಂಟು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಸಿಗುತ್ತದೆ, ಎಷ್ಟೋ ಮಕ್ಕಳು ಅದರಿಂದಲೇ ಉಳಿದಿದ್ದಾರೆ. ಆದರೆ ಆ ಯೋಜನೆಯ ಕಾರ್ಡಿನ ಲೆಕ್ಕದಲ್ಲಿ, ಆಸ್ಪತ್ರೆಯಲ್ಲಿದ್ದ ದಿನ ಬಿಟ್ಟರೆ, ಅಡ್ಮಿಟ್‌ಗೆ ಮೊದಲಿನ 3 ದಿನ, ಡಿಸ್ಚಾರ್ಜ್ ಆದ ಮೇಲೆ 15 ದಿನದ ಖರ್ಚು ಮಾತ್ರ. ಹದಿನಾರನೆಯ ದಿನದ ಮಾತ್ರೆ ಯಾರದ್ದು? ಎಪಿಎಲ್ ಕಾರ್ಡಿನವರಿಗೆ ಸರಕಾರ ಚಿಕಿತ್ಸೆಗೆ ಗೊತ್ತುಮಾಡಿದ ದರದ ಶೇ. 30 ಮಾತ್ರ, ಅದೂ ವರ್ಷಕ್ಕೆ ಒಂದೂವರೆ ಲಕ್ಷದೊಳಗೆ. ಎಪಿಎಲ್ ಅಂದರೆ ಶ್ರೀಮಂತರು ಅಂತ ಅಲ್ಲ ಅಲ್ವಾ? ರಿಕ್ಷಾ ಓಡಿಸುವ ಅಪ್ಪ, ಹೇಗೋ ಎಪಿಎಲ್ ಕಾರ್ಡು. ಉಳಿದ ಶೇ. 70ಕ್ಕೆ ಅವರು ಬರುವುದು ಏಡಿಯ ಹತ್ತಿರ.

ಅಪರೂಪದ ಕಾಯಿಲೆಯ ಮಕ್ಕಳದ್ದು ಇನ್ನೂ ಕಷ್ಟ. ಕೇಂದ್ರ ಸರಕಾರದ 2021ರ ಅಪರೂಪದ ಕಾಯಿಲೆಗಳ ನೀತಿಯಲ್ಲಿ 50 ಲಕ್ಷದವರೆಗೂ ನೆರವು ಉಂಟು. ಅದಕ್ಕೆ ಗೊತ್ತುಮಾಡಿದ ಕೇಂದ್ರಗಳ ಮೂಲಕವೇ ಹೋಗಬೇಕು, ನಮ್ಮ ರಾಜ್ಯದ್ದು ಬೆಂಗಳೂರಿನಲ್ಲಿ. ಇದನ್ನು ನನಗೆ ಯಾವ ಕಚೇರಿಯೂ ಹೇಳಿದ್ದಲ್ಲ. ಹುಂಡಿ ಹಿಡಿಯುತ್ತಾ ಹಿಡಿಯುತ್ತಾ, ಯಾರ್ಯಾರನ್ನೋ ಕೇಳಿ ತಿಳಿದದ್ದು. ಹಾಗಾದರೆ ಗೊತ್ತೇ ಆಗದೆ ಉಳಿದವರು ಎಷ್ಟು ಮಂದಿ?

ಎರಡು ವರ್ಷದ ಹಿಂದೆ ಒಂದು ಮಗುವಿನ ತಾಯಿಯ ಜೊತೆ ನಾನು ಮೂರು ದಿನ ಓಡಾಡಿದೆ. ಎಲ್ಲಿ ಎಂದು ಹೇಳುವುದಿಲ್ಲ, ಈಗ ಹೇಳಿ ಪ್ರಯೋಜನವೂ ಇಲ್ಲ. ದೊಡ್ಡ ಆಸ್ಪತ್ರೆಯಲ್ಲಿ ಕಾರ್ಡು ನಡೆಯಬೇಕಾದರೆ ಸರಕಾರಿ ಆಸ್ಪತ್ರೆಯ ರೆಫರಲ್ ಪತ್ರ ಬೇಕು. ತುರ್ತು ಅಲ್ಲದಿದ್ದರೆ ಅದೇ ನಿಯಮ, ಇರಲಿ. ಆದರೆ ಅದನ್ನು ಆ ತಾಯಿಗೆ ಹೇಳಿದ್ದು ಟೆಸ್ಟಿಗೆಲ್ಲ ದುಡ್ಡು ಕಟ್ಟಿಸಿಕೊಂಡ ಮೇಲೆ. ಪತ್ರ ತರಲು ಹೋದರೆ ಆಧಾರ್‌ನಲ್ಲಿ ಹೆಸರು ಬೇರೆ, ರೇಷನ್ ಕಾರ್ಡಿನಲ್ಲಿ ಬೇರೆ. ಮೂರನೆಯ ದಿನ ಅವರು ಕಿವಿಯ ಓಲೆ ಅಡವಿಟ್ಟರು. ಆ ಓಲೆಯನ್ನು ಮುಂದಿನ ಅಷ್ಟಮಿಗೆ ಮೇಸ್ತ್ರಿ ಬಿಡಿಸಿಕೊಟ್ಟರು. ನೋಟ್‌ಬುಕ್ಕಿನಲ್ಲಿ ಅದು "ಓಲೆ" ಎಂದು ಮಾತ್ರ ಇದೆ.

ಮಂಗಳೂರಿನ ಹರೇಕಳ ಹಾಜಬ್ಬರು ನಿಮಗೆ ಗೊತ್ತೇ ಇರುತ್ತಾರೆ. ಕಿತ್ತಳೆ ಮಾರಿದ ದುಡ್ಡಿನಲ್ಲಿ ನ್ಯೂಪಡ್ಪುವಿನಲ್ಲಿ ಶಾಲೆ ಮಾಡಿದವರು. 2020ರಲ್ಲಿ ಪದ್ಮಶ್ರೀ ಘೋಷಣೆ ಆಯಿತು, ಮರುವರ್ಷ ಬರಿಗಾಲಿನಲ್ಲೇ ರಾಷ್ಟ್ರಪತಿ ಭವನಕ್ಕೆ ಹೋಗಿ ತೆಗೆದುಕೊಂಡರು. ಆಮೇಲೆ ಅವರು ಕೇಳಿದ್ದು ಊರಿಗೊಂದು ಪಿಯು ಕಾಲೇಜು. ಇಂಥವರಿಗೆ ಏನಾದರೂ ಕೊಡುವ ಮನಸ್ಸಿದ್ದರೆ ಅವರು ಕೇಳಿದ್ದನ್ನೇ ಕೊಟ್ಟರೆ ಸಾಕು.

ನಮ್ಮ ಮೇಸ್ತ್ರಿ ಕೇಳುವುದು ಕಾಲೇಜಿಗಿಂತ ಚಿಕ್ಕದು. ಒಂದು ಮೇಜು, ಒಬ್ಬ ಮನುಷ್ಯ. ದೊಡ್ಡ ಆಸ್ಪತ್ರೆಗಳ ಬಾಗಿಲಲ್ಲಿ ಅಂಥ ಒಬ್ಬರು ಕೂರಬೇಕು. ದುಡ್ಡು ಕಟ್ಟುವ ಮೊದಲೇ ಯಾವ ಕಾರ್ಡು, ಯಾವ ಪತ್ರ, ಎಲ್ಲಿ ಸಿಗುತ್ತದೆ ಎಂದು ಹೇಳಬೇಕು, ತುಳುವಿನಲ್ಲೂ ಹೇಳಬೇಕು. ಹೆಸರು ತಪ್ಪಿದ್ದರೆ ಅಲ್ಲಿಂದಲೇ ಸರಿ ಮಾಡಿಸಬೇಕು. ಈಗಾಗಲೇ ಅಂಥವರು ಇದ್ದರೆ ಅವರು ಕಾಣುವ ಜಾಗದಲ್ಲಿ ಕೂರಲಿ. ಹದಿನಾರನೆಯ ದಿನದ ಮಾತ್ರೆಗೂ ಜಿಲ್ಲೆಯ ಕಡೆಯಿಂದ ಏನಾದರೂ ದಾರಿ ಆಗುತ್ತದಾ ನೋಡಿ. ಬಸ್ಸಿನ ಖರ್ಚು, ಅಕ್ಕಿ ಏಡಿ ನೋಡಿಕೊಳ್ಳುತ್ತದೆ.

ನೋಟ್‌ಬುಕ್ ತರಲು ಹೇಳಿದರೆ ಮಣಿಪಾಲದ ರಜತಾದ್ರಿಗೆ, ನಿಮ್ಮ ಕಚೇರಿಗೇ, ನಾವಿಬ್ಬರೂ ಬರುತ್ತೇವೆ. ಭಾನುವಾರ ಕಚೇರಿ ಇರುವುದಿಲ್ಲ, ಉಳಿದ ದಿನ ಅವರಿಗೆ ಸಾರಣೆ ಕೆಲಸ. ಆದ್ದರಿಂದ ಸಂಜೆ ನಾಲ್ಕರ ಮೇಲೆ ಯಾವ ದಿನವಾದರೂ ಆಗಬಹುದು. ಮೈಮೇಲೆ ಸಿಮೆಂಟು ಇರುತ್ತದೆ, ಗೇಟಿನಲ್ಲಿ ಸ್ವಲ್ಪ ಹೇಳಿಟ್ಟಿರಿ.

ಇಂತಿ,
ಏಡಿಯ ಹಿಂದೆ ನೀರು ಹಿಡಿಯುವವನು,
ಕಾಪು ತಾಲೂಕು