ಯಾವ ಮುಖ ಇಟ್ಟುಕೊಂಡು ಎಂದು ಕೇಳಿದೆಯಲ್ಲ

ಪ್ರೀತಿಯ ಮಗನೇ,

ನಿನ್ನ ಪತ್ರ ತಲುಪಿತು. ಕ್ರೈಸ್ತ ವಕೀಲರಿಗೆಂದೇ ಆನ್‌ಲೈನಿನಲ್ಲಿ ಒಂದು ಓದುಬಳಗ, ತಿಂಗಳಿಗೊಂದು ಪುಸ್ತಕ, ಝೂಮ್‌ನಲ್ಲಿ ಭೇಟಿ, ದೂರದೂರ ಇರುವ ನಿನ್ನ ಸಹಪಾಠಿಗಳು. ಎಲ್ಲ ಓದಿ ಖುಷಿಪಟ್ಟೆ. ಆಮೇಲೆ ಕೊನೆಯ ಪುಟದಲ್ಲಿ, ಸಹಿಗೆ ಸ್ವಲ್ಪ ಮುಂಚೆ, ಏನೋ ನೆನಪಾಯಿತು ಎಂಬಂತೆ ಒಂದು ಸಾಲು ಸೇರಿಸಿದ್ದೀಯ: ‘ವಾರವೆಲ್ಲ ಕೋರ್ಟಿನಲ್ಲಿ ನೀನು ಮಾಡುವುದೇನು ಅಂತ ನಮಗೆ ಗೊತ್ತಿದೆ, ಯಾವ ಮುಖ ಇಟ್ಟುಕೊಂಡು ನಮಗೆ ಇದನ್ನು ಓದಿಸುತ್ತೀ ಎಂದು ಯಾರಾದರೂ ಕೇಳಿಬಿಟ್ಟರೆ ಏನು ಹೇಳಲಿ ದೊಡ್ಡಮ್ಮ?’ ಸಾಕ್ಷಿಗಳೂ ಹೀಗೆಯೇ. ಮುಖ್ಯವಾದದ್ದನ್ನು ಹೇಳುವುದು ಸಾಕ್ಷಿಕಟ್ಟೆಯಿಂದ ಇಳಿಯುವಾಗ.

ಮನೆಯ ಸಮಾಚಾರವನ್ನೆಲ್ಲ ನಿನ್ನಮ್ಮ ಫೋನಿನಲ್ಲಿ ಹೇಳಿಯೇ ಇರುತ್ತಾಳೆ, ಅದು ಬೇಡ. ಎಷ್ಟು ಜನ ಇರಬೇಕು, ಎಷ್ಟು ಹೊತ್ತು ನಡೆಸಬೇಕು ಎಂದೆಲ್ಲ ಕೇಳಿದ್ದೀಯ. ಅದನ್ನು ಆಮೇಲೆ ಬರೆಯುತ್ತೇನೆ. ಮರೆತರೆ ಬೇಸರ ಮಾಡಿಕೊಳ್ಳಬೇಡ, ಈಗ ತಲೆಯಲ್ಲಿರುವುದು ಆ ಒಂದು ಸಾಲು ಮಾತ್ರ.

ಮೊದಲು ನಿನಗೆ ಸಮಾಧಾನ ಹೇಳೋಣ ಅಂದುಕೊಂಡೆ. ಹಾಗೆ ಯಾರೂ ಕೇಳುವುದಿಲ್ಲ ಕಣೋ, ವಕೀಲರು ಒಬ್ಬರಿಗೊಬ್ಬರು ಅಷ್ಟು ಒರಟಾಗಿ ಮಾತಾಡುವುದು ನ್ಯಾಯಾಧೀಶರ ಮುಂದೆ ಮಾತ್ರ ಎಂದು ಬರೆದು, ಹೊಡೆದುಹಾಕಿದೆ. ಯಾಕೆಂದರೆ ಅದನ್ನು ಬೇರೆಯವರು ಕೇಳುತ್ತಾರೆ ಎಂದಲ್ಲ ನಿನ್ನ ಹೆದರಿಕೆ. ನೀನೇ ಕೇಳಿಕೊಳ್ಳುತ್ತಿದ್ದೀಯ. ಪರದೆಯ ಮೇಲೆ ಚೌಕ ಚೌಕವಾಗಿ ಕಾಣುವ ಅಷ್ಟೂ ಮುಖಗಳು ಅದನ್ನೇ ಕೇಳಿಕೊಳ್ಳುತ್ತಾ ಕೂತಿರುತ್ತವೆ ಎನ್ನುವುದು ನಿನಗಿನ್ನೂ ಗೊತ್ತಿಲ್ಲ, ಅಷ್ಟೆ. ನನಗೂ ಬಹಳ ಕಾಲ ಗೊತ್ತಿರಲಿಲ್ಲ.

ಒಂದು ಸಂಗತಿ ಹೇಳುತ್ತೇನೆ, ನಿನ್ನಮ್ಮನಿಗೂ ಇದು ಗೊತ್ತಿಲ್ಲ. ನಾನಿನ್ನೂ ಜೂನಿಯರ್. ಒಂದು ಉಯಿಲಿನ ದಾವೆ, ನಾವು ಉಯಿಲನ್ನು ಪ್ರಶ್ನಿಸುವ ಕಡೆ. ಉಯಿಲಿಗೆ ಸಾಕ್ಷಿ ಹಾಕಿದ ಮುದುಕರೊಬ್ಬರ ಪಾಟೀಸವಾಲನ್ನು ಸೀನಿಯರ್ ನನಗೆ ಬಿಟ್ಟುಕೊಟ್ಟಿದ್ದರು. ಯಾವ ಪೆನ್ನು, ಯಾವ ಬಣ್ಣದ ಶಾಯಿ, ಮೊದಲು ಸಹಿ ಹಾಕಿದ್ದು ನೀವೋ ಇನ್ನೊಬ್ಬರೋ, ದೀಪ ಹಚ್ಚಿತ್ತೋ ಇಲ್ಲವೋ, ಆತ ಕೂತಿದ್ದು ಕುರ್ಚಿಯಲ್ಲೋ ಮಂಚದ ಮೇಲೋ. ಒಂದೊಂದೂ ಸಣ್ಣ ಪ್ರಶ್ನೆ, ಒಂದೊಂದೂ ನಿಯಮದೊಳಗಿನ ಪ್ರಶ್ನೆ. ಮುದುಕರು ಕನ್ನಡಕ ತೆಗೆದರು, ಅಂಗಿಯ ಅಂಚಿನಲ್ಲಿ ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದು ಒರೆಸಿದರು. ಕೊನೆಗೆ ನನ್ನ ಕಡೆ ನೋಡಲಿಲ್ಲ, ನ್ಯಾಯಾಧೀಶರ ಕಡೆ ತಿರುಗಿ ‘ಈಗ ನನಗೇ ಅನುಮಾನ ಬರ್ತಿದೆ ಸ್ವಾಮಿ’ ಅಂದರು. ಸೀನಿಯರ್ ಹಿಂದಿನಿಂದ ನನ್ನ ಗೌನಿನ ತೋಳು ಜಗ್ಗಿದರು. ಸಾಕು, ಕೂತುಕೋ ಎಂದರ್ಥ. ಒಳ್ಳೆಯ ಉತ್ತರ ಸಿಕ್ಕ ಮೇಲೆ ಇನ್ನೊಂದು ಪ್ರಶ್ನೆ ಕೇಳಬಾರದು, ಅದು ನಿನಗೂ ಹೇಳಿಕೊಟ್ಟಿರುತ್ತಾರೆ.

ಆ ಮನುಷ್ಯ ನಿಜ ಹೇಳುತ್ತಿದ್ದರು ಎಂದೇ ನನ್ನ ಮನಸ್ಸಿಗೆ ಅನಿಸಿತ್ತು. ಅನಿಸಿಕೆ ಸಾಕ್ಷ್ಯವಲ್ಲ, ನನಗೆ ಗೊತ್ತು. ತಪ್ಪು ಮಾಡಿದೆ ಎಂದು ಹೇಳಿಕೊಳ್ಳುವುದಕ್ಕೂ ಇದನ್ನು ಬರೆಯುತ್ತಿಲ್ಲ. ಇವತ್ತು ಅದೇ ಫೈಲು ಕೈಗೆ ಕೊಟ್ಟರೆ ಅದೇ ಪ್ರಶ್ನೆಗಳನ್ನು ಕೇಳುತ್ತೇನೆ. ನನಗೆ ಹಳಹಳಿಕೆ ಇರುವುದು ಬೇರೆಯದರ ಬಗ್ಗೆ. ಆ ಸಂಜೆ ಬೈಬಲ್ ಬಿಚ್ಚಿ ಕೂತಾಗ ನೀನು ಬರೆದ ಸಾಲೇ ನನ್ನೆದುರು ನಿಂತಿತ್ತು, ಮತ್ತು ಅದನ್ನು ಹೇಳಿಕೊಳ್ಳಲು ಒಬ್ಬರೂ ಇರಲಿಲ್ಲ. ಪಾಸ್ಟರ್ ಹತ್ತಿರ ಹೋದರೆ ‘ಸುಳ್ಳು ಹೇಳಿದೆಯೇನಮ್ಮ?’ ಎನ್ನುತ್ತಿದ್ದರು. ಇಲ್ಲ ಎಂದರೆ ಅಲ್ಲಿಗೆ ಮುಗಿಯುತ್ತಿತ್ತು. ಸೀನಿಯರ್ ಹತ್ತಿರ ಹೋದರೆ ‘ಚೆನ್ನಾಗಿ ಮಾಡಿದೆ’ ಎನ್ನುತ್ತಿದ್ದರು, ಅಲ್ಲಿಗೂ ಮುಗಿಯುತ್ತಿತ್ತು. ಎರಡನ್ನೂ ಬಲ್ಲವರು, ಕೋರ್ಟನ್ನೂ ಪ್ರಾರ್ಥನೆಯನ್ನೂ ಬಲ್ಲವರು, ಬಾರ್ ರೂಮಿನಲ್ಲಿ ನನ್ನ ಪಕ್ಕದ ಕುರ್ಚಿಯಲ್ಲೇ ಇದ್ದಿರಬಹುದು. ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಇಡೀ ವೃತ್ತಿಜೀವನ ಹಾಗೇ ಕಳೆದುಹೋಯಿತು.

ಆದ್ದರಿಂದ ಆ ಪ್ರಶ್ನೆ ಗುಂಪಿನಲ್ಲಿ ಎದ್ದರೆ ಎಂದು ನೀನು ಹೆದರುತ್ತಿದ್ದೀಯ. ಏಳದಿದ್ದರೆ ಎಂದು ನನಗೆ ಹೆದರಿಕೆ. ಎಲ್ಲರೂ ಅಚ್ಚುಕಟ್ಟಾಗಿ ಅಧ್ಯಾಯದ ಸಾರಾಂಶ ಹೇಳಿ, ಆಮೆನ್ ಅಂದು, ಲ್ಯಾಪ್‌ಟಾಪ್ ಮುಚ್ಚಿಬಿಟ್ಟರೆ?

ನೀನು ಕಳಿಸಿದ ಪಟ್ಟಿಯಲ್ಲಿ ಮೊದಲ ಹೆಸರು ಇಂಗ್ಲೆಂಡಿನ ವಕೀಲ ಥಾಮಸ್ ಮೋರ್‌ನದು. ವಕೀಲರೆಂದ ಮೇಲೆ ಅವನೇ ಮೊದಲು ಬರಬೇಕಲ್ಲ. ರಾಜ ಎಂಟನೇ ಹೆನ್ರಿಯ ಮದುವೆಯ ವಿಷಯದಲ್ಲಿ, ಚರ್ಚಿನ ಮೇಲೆ ರಾಜನ ಅಧಿಕಾರದ ವಿಷಯದಲ್ಲಿ ಮನಸ್ಸಾಕ್ಷಿ ಬಿಟ್ಟುಕೊಡಲಿಲ್ಲ, 1535ರ ಜುಲೈ 6ರಂದು ತಲೆ ಕೊಟ್ಟ. ಅದೆಲ್ಲ ನಿಜ. ಆದರೆ ಆತ ಲಾರ್ಡ್ ಚಾನ್ಸಲರ್, ಅಂದರೆ ರಾಜ್ಯದ ಅತಿ ದೊಡ್ಡ ನ್ಯಾಯಾಧಿಕಾರಿ, ಆಗಿದ್ದಾಗಲೇ ಚರ್ಚಿನ ಬೋಧನೆಗೆ ವಿರುದ್ಧವಾದ ಪಾಷಂಡಿಗಳೆಂದು ಜನರನ್ನು ಸುಟ್ಟದ್ದೂ ನಿಜ, ಅದನ್ನು ಆತ ಸಮರ್ಥಿಸಿಕೊಂಡದ್ದೂ ನಿಜ. ನಿನ್ನ ಗುಂಪಿನಲ್ಲಿ ಕ್ಯಾಥೊಲಿಕರೂ ಪ್ರೊಟೆಸ್ಟೆಂಟರೂ ಇರುತ್ತಾರೆ ಅಂದೆಯಲ್ಲ, ಮೊದಲ ತಿಂಗಳೇ ಅವನನ್ನು ತಂದು ಕೂರಿಸಿದರೆ ಅವನ ಪರ ವಿರುದ್ಧ ವಾದ ಮಾಡಿಯೇ ಹೊತ್ತು ಮುಗಿಯುತ್ತದೆ. ವಾದ ಮಾಡುವುದು ನಮಗೆ ಸುಲಭ. ಇನ್ನೊಂದು ವಿಷಯ ಗಮನಿಸು: ಅವನ ಮುಖವೂ ನೀನು ಅಂದುಕೊಂಡಷ್ಟು ಚೊಕ್ಕವಾಗಿರಲಿಲ್ಲ. ಆದರೂ 1935ರಲ್ಲಿ ಅವನನ್ನು ಸಂತನೆಂದು ಘೋಷಿಸಿದರು.

ನನಗೆ ಇಷ್ಟವಾದವನು ಇವೊ, ಈಗ ಫ್ರಾನ್ಸಿನಲ್ಲಿರುವ ಬ್ರಿಟನಿ ಪ್ರಾಂತ್ಯದವನು. 1253ರಲ್ಲಿ ಹುಟ್ಟಿ 1303ರಲ್ಲಿ ತೀರಿಕೊಂಡ. ಚರ್ಚಿನ ನ್ಯಾಯಾಲಯದಲ್ಲಿ ನ್ಯಾಯಾಧೀಶನಾಗಿದ್ದ, ಬಡವರ ಪರ ಕಾಸಿಲ್ಲದೆ ವಾದಿಸಿದ. ವಕೀಲರಿಗೆಲ್ಲ ಅವನೇ ಪಾಲಕ ಸಂತ, ಮೇ 19 ಅವನ ಹಬ್ಬ. ವಕೀಲನಾಗಿಯೂ ಕಳ್ಳನಾಗಿರಲಿಲ್ಲ, ಜನರಿಗೆ ಅದೇ ಆಶ್ಚರ್ಯ ಎಂದು ಅವನ ಮೇಲೆ ಲ್ಯಾಟಿನಿನಲ್ಲಿ ಒಂದು ಹಾಸ್ಯದ ಪದ್ಯವೇ ಇದೆ. ಅಂದರೆ ಯಾವ ಮುಖ ಇಟ್ಟುಕೊಂಡು ಎನ್ನುವ ಪ್ರಶ್ನೆ ನಿನಗಾಗಿ ಹೊಸದಾಗಿ ಹುಟ್ಟಿದ್ದಲ್ಲ ಮಗನೇ, ಶತಮಾನಗಳಿಂದ ಜನ ನಗುನಗುತ್ತಾ ಕೇಳುತ್ತಲೇ ಬಂದಿದ್ದಾರೆ.

ಇನ್ನೊಬ್ಬನಿದ್ದಾನೆ, ಇಟಲಿಯ ನೇಪಲ್ಸ್‌ನ ಅಲ್ಫೋನ್ಸಸ್ ಲಿಗುವೊರಿ. ಹದಿನಾರನೇ ವಯಸ್ಸಿಗೇ ಕಾನೂನಿನಲ್ಲಿ ಡಾಕ್ಟರೇಟ್. 1723ರಲ್ಲಿ ಒಂದು ದೊಡ್ಡ ಕೇಸು ಸೋತು, ವೃತ್ತಿಯನ್ನೇ ಬಿಟ್ಟು ಪಾದ್ರಿಯಾದ. ಎಳೆಯ ವಯಸ್ಸಿನಲ್ಲಿ ನನಗೆ ಅವನ ಮೇಲೆ ಅಸೂಯೆ ಇತ್ತು, ಎದ್ದು ಹೊರಟುಹೋಗುವುದು ಎಷ್ಟು ಸಲೀಸು ಎಂದು. ಆಮೇಲೆ ತಿಳಿಯಿತು, ಪಾಪನಿವೇದನೆ ಕೇಳುವ ಗುರುಗಳಿಗೆ ಇವತ್ತು ಅವನೇ ಪಾಲಕ ಸಂತ. 1950ರಲ್ಲಿ ಹಾಗೆ ಘೋಷಿಸಿದರು. ಕೋರ್ಟು ಬಿಟ್ಟುಹೋದ ವಕೀಲನಿಗೆ ಸಿಕ್ಕಿದ್ದು ಕೂತು ಕೇಳಿಸಿಕೊಳ್ಳುವ ಕೆಲಸ. ಇದರಿಂದ ಏನು ಹೇಳಹೊರಟೆ ಎಂದು ನನಗೇ ಸ್ಪಷ್ಟವಿಲ್ಲ. ಕೇಳಿಸಿಕೊಳ್ಳುವ ಕೆಲಸವನ್ನು ವೃತ್ತಿ ಬಿಡದೆಯೂ ಮಾಡಬಹುದಲ್ಲ, ತಿಂಗಳಿಗೊಂದು ಸಂಜೆಯಾದರೂ, ಎನಿಸಿತು.

ನಿನ್ನ ಪ್ರಶ್ನೆಗೆ ಉತ್ತರವೇ ಇಲ್ಲ ಎಂದುಕೊಳ್ಳಬೇಡ. ಹಗಲಿನ ಉತ್ತರಗಳು ನನ್ನ ಹತ್ತಿರ ಬೇಕಾದಷ್ಟಿವೆ. ಒಬ್ಬನ ಮಾತು ಕೇಳದೆ ನಮ್ಮ ಧರ್ಮಶಾಸ್ತ್ರ ಅವನಿಗೆ ತೀರ್ಪು ಮಾಡುತ್ತದೆಯೇ ಎಂದು ಯೇಸುವಿನ ಪರವಾಗಿ ನಿಕೊದೇಮ ಕೇಳಿದ್ದು ಯೋಹಾನನ ಸುವಾರ್ತೆಯ ಏಳನೇ ಅಧ್ಯಾಯದಲ್ಲಿದೆ. ಅದೊಂದು ಮಾತು ಸಾಕು, ಆರೋಪಿಯ ಪರ ನಿಲ್ಲುವುದಕ್ಕೆ. ವಿಮೋಚನಕಾಂಡದ 23ರಲ್ಲಿ ಗುಂಪಿನ ಜೊತೆ ಸೇರಿ ನ್ಯಾಯ ಕೆಡಿಸಬೇಡ ಎಂದಿದೆ, ಮುಂದಿನ ವಚನದಲ್ಲೇ ಬಡವನೆಂಬ ಕಾರಣಕ್ಕೂ ಪಕ್ಷಪಾತ ಬೇಡ ಎಂದಿದೆ. ಕಕ್ಷಿದಾರ ನಿರಪರಾಧಿ ಎಂದು ನಾವು ಆಣೆ ಇಡುವುದಿಲ್ಲ, ರುಜುವಾತು ಆಗಿದೆಯೇ ಎಂದು ಕೇಳುತ್ತೇವೆ, ನ್ಯಾಯಾಲಯಕ್ಕೆ ತಿಳಿದೂ ತಿಳಿದೂ ಸುಳ್ಳು ಹೇಳುವುದಿಲ್ಲ. ಇವೆಲ್ಲ ಗಟ್ಟಿ ಉತ್ತರಗಳೇ, ಯಾರಾದರೂ ಕೇಳಿದರೆ ಧೈರ್ಯವಾಗಿ ಹೇಳು. ಆದರೆ ಆ ಮುದುಕರು ಎರಡನೇ ಸಲ ಕನ್ನಡಕ ಒರೆಸಿದ್ದು ನೆನಪಾದ ರಾತ್ರಿ ಇವು ಯಾವುವೂ ನನ್ನ ಉಪಯೋಗಕ್ಕೆ ಬಂದಿಲ್ಲ.

ಲೂಕನ ಹತ್ತನೇ ಅಧ್ಯಾಯದ ಧರ್ಮೋಪದೇಶಕ, ಅಂದರೆ ಧರ್ಮಶಾಸ್ತ್ರದ ಪಂಡಿತ, ನಮ್ಮವನೇ. ಯೇಸುವನ್ನು ಪರೀಕ್ಷಿಸಲು ಎದ್ದುನಿಂತ, ಸರಿಯಾದ ಉತ್ತರ ಅವನಿಗೇ ಗೊತ್ತಿತ್ತು, ಆದರೂ ತಾನು ಸರಿ ಎಂದು ತೋರಿಸಿಕೊಳ್ಳಬೇಕಿತ್ತು. ನೆರೆಯವನು ಅಂದರೆ ಯಾರು ಎಂದು ಕೇಳಿದ. ವ್ಯಾಖ್ಯೆ ಕೊಡಿ ಸ್ವಾಮಿ ಎನ್ನುವ ನಮ್ಮ ಹಳೇ ಚಟ. ಆದರೆ ಆ ಕೊಂಕು ಪ್ರಶ್ನೆ ಇಲ್ಲದಿದ್ದರೆ, ದಾರಿಯಲ್ಲಿ ಬಿದ್ದಿದ್ದ ಗಾಯಾಳುವಿಗೆ ನೆರವಾದ ಸಮಾರ್ಯದವನ ಸಾಮ್ಯ ನಮಗೆ ಸಿಗುತ್ತಲೇ ಇರಲಿಲ್ಲ. ಯೇಸು ಅವನನ್ನು ಯಾವ ಮುಖ ಇಟ್ಟುಕೊಂಡು ಕೇಳುತ್ತೀ ಎಂದು ಓಡಿಸಲಿಲ್ಲ, ಇದನ್ನು ನಾನು ಬಹಳ ತಡವಾಗಿ ಗಮನಿಸಿದೆ.

ಸರಿ, ನೀನು ಕೇಳಿದ ವ್ಯವಹಾರದ ಮಾತು. ಝೂಮ್ ವಿಷಯದಲ್ಲಿ ನಾನು ಹೇಳುವುದು ಕುರುಡರು ದಾರಿ ತೋರಿಸಿದ ಹಾಗೆ, ಬೇಕಾದ್ದು ತೆಗೆದುಕೋ, ಉಳಿದದ್ದು ಬಿಡು.

ರೆಕಾರ್ಡ್ ಮಾಡಬೇಡ. ಬರಲಾಗದವರಿಗಾಗಿ ಅಂತಲೂ ಬೇಡ. ಈಗ ಮೀಟಿಂಗಿಗೆ ತಾನಾಗಿಯೇ ಬಂದು ಕೂತು ಎಲ್ಲ ಬರೆದುಕೊಳ್ಳುವ ಆ್ಯಪ್‌ಗಳಿವೆಯಂತೆ, ಅವನ್ನೂ ಒಳಗೆ ಬಿಡಬೇಡ. ಕೆಂಪು ಚುಕ್ಕೆ ಕಂಡರೆ ವಕೀಲ ಹೇಳಿಕೆ ಕೊಡುತ್ತಾನೆ, ಮಾತಾಡುವುದಿಲ್ಲ.

ಕೇಸುಗಳ ವಿಷಯ ಸೂಕ್ಷ್ಮ. ನಮಗೆ ಕಥೆ ಹೇಳುವ ಚಪಲ ಜಾಸ್ತಿ. ಹೆಸರು ಮರೆಮಾಚಿದರೆ ಸಾಕು ಎಂದುಕೊಳ್ಳುತ್ತೇವೆ, ಆದರೆ ಎದುರು ಪಕ್ಷದ ವಕೀಲನೇ ಆ ಚೌಕಗಳಲ್ಲೊಂದರಲ್ಲಿ ಕೂತಿರಬಹುದು. ಕಕ್ಷಿದಾರ ಹೇಳಿದ ಗುಟ್ಟು ಅವನದು, ನಮ್ಮದಲ್ಲ, ಕೇಸು ಮುಗಿದ ಮೇಲೂ ಅವನದೇ. ನಡೆಯುತ್ತಿರುವ ಮೊಕದ್ದಮೆ ಬಾಯಿಗೆ ಬರಲೇಬಾರದು ಎಂದು ಮೊದಲ ದಿನವೇ ಹೇಳಿಬಿಡು. (ನಾನು ಮೇಲೆ ಬರೆದದ್ದು ತೆರೆದ ಕೋರ್ಟಿನಲ್ಲಿ ನಡೆದದ್ದು, ನನ್ನ ಕಕ್ಷಿದಾರ ಹೇಳಿದ ಒಂದು ಮಾತೂ ಅದರಲ್ಲಿಲ್ಲ. ಆದರೂ ಬರೆಯುವ ಮುಂಚೆ ಯೋಚನೆ ಮಾಡಿದೆ.) ನ್ಯಾಯಾಧೀಶರು ಯಾರಾದರೂ ಸೇರುತ್ತೇನೆ ಎಂದರೆ ಗೌರವ ಎಂದುಕೊಂಡು ಹಿಗ್ಗಬೇಡ. ಅವರ ಮುಂದೆ ಹಾಜರಾಗುವವರು ಗುಂಪಿನಲ್ಲಿದ್ದರೆ ಇಬ್ಬರಿಗೂ ಮುಜುಗರ. ನಿವೃತ್ತರಾದರೆ ಪರವಾಗಿಲ್ಲ ಅನಿಸುತ್ತದೆ.

ಪುಸ್ತಕದ ಸ್ಕ್ಯಾನ್ ಮಾಡಿದ ಪ್ರತಿಯನ್ನು ವಾಟ್ಸಾಪಿನಲ್ಲಿ ಹಂಚುತ್ತೇನೆ ಎಂದು ಬರೆದಿದ್ದೀಯ. ಕಾಪಿರೈಟ್ ಓದಿದವನು ಬರೆಯುವ ಮಾತೇ ಅದು? ಹಕ್ಕು ಮುಗಿದ ಹಳೆಯ ಪುಸ್ತಕಗಳು ಬೇಕಾದಷ್ಟು ಇವೆ, ಅವನ್ನು ಆರಿಸಿಕೋ, ಇಲ್ಲವೇ ಎಲ್ಲರೂ ಕೊಂಡುಕೊಳ್ಳಲಿ.

ಮೊದಲ ಪುಸ್ತಕ ಯಾವುದು ಎಂದು ಕೇಳಿದರೆ, ಮೋರ್ ಬೇಡ, ಬೈಬಲಿನ ಯೋಬನ ಪುಸ್ತಕ. ನಗಬೇಡ, ಅದನ್ನು ವಕೀಲರಂತೆ ಓದಬಲ್ಲವರು ಬೇರೆ ಇಲ್ಲ. ತಪ್ಪಿಲ್ಲದೆ ಎಲ್ಲ ಕಳೆದುಕೊಂಡ ಯೋಬ ದೇವರ ಜೊತೆ ಮೊಕದ್ದಮೆ ಹೂಡಬೇಕೆನ್ನುತ್ತಾನೆ, ಇಬ್ಬರ ನಡುವೆ ಕೈಯಿಡಲು ಒಬ್ಬ ಮಧ್ಯಸ್ಥನಿಲ್ಲವಲ್ಲ ಎಂದು ಒಂಬತ್ತನೇ ಅಧ್ಯಾಯದಲ್ಲಿ ಕೊರಗುತ್ತಾನೆ, 31ರಲ್ಲಿ ಎದುರಾಳಿಯ ಆಪಾದನೆ ಬರವಣಿಗೆಯಲ್ಲಿ ಸಿಗಲಿ ಎಂದು ಕೇಳುತ್ತಾನೆ. ಒಟ್ಟು 42 ಅಧ್ಯಾಯ, ಒಂದೇ ತಿಂಗಳಿಗೆ ತುರುಕಬೇಡ. ಆತನ ಗೆಳೆಯರನ್ನು ಚೆನ್ನಾಗಿ ನೋಡಿಕೊಳ್ಳಿ. ಬಂದವರು ಏಳು ದಿನ ಏಳು ರಾತ್ರಿ ಅವನ ಜೊತೆ ನೆಲದ ಮೇಲೆ ಬಾಯಿ ತೆರೆಯದೆ ಕೂತರು. ಅಲ್ಲಿಯವರೆಗೂ ಒಳ್ಳೆಯವರೇ. ವಾದ ಶುರುಮಾಡಿದ ಮೇಲೆ ಕೆಟ್ಟರು. ನಿನ್ನ ಗುಂಪಿನಲ್ಲಿ ಯಾರಾದರೂ ಒಬ್ಬರು, ನೀನಲ್ಲದಿದ್ದರೆ ಇನ್ನೊಬ್ಬರು, ತಮ್ಮ ಮುದುಕರ ಕನ್ನಡಕದ ಕಥೆ ಹೇಳಿದ ದಿನ ನಿಮಗೆ ಆ ಏಳು ದಿನ ನೆನಪಿದ್ದರೆ ಸಾಕು. ತಕ್ಷಣ ವಚನ ಹುಡುಕಿ ಓದಬೇಡಿ.

ಹತ್ತು ಹನ್ನೆರಡು ಜನ, ಒಂದು ಗಂಟೆ, ಹೆಚ್ಚೆಂದರೆ ಇನ್ನೊಂದು ಕಾಲು ಗಂಟೆ. ಪರಿಚಯದಲ್ಲಿ ಯಾವ ಸಭೆ, ಯಾವ ಪಂಗಡ ಎಂದು ಕೇಳಿಸಬೇಡ, ತಾನಾಗಿ ತಿಳಿಯುತ್ತದೆ. ಇನ್ನೊಂದು, ಇದು ನನ್ನ ಹುಚ್ಚು ಇರಬಹುದು: ಪಾಟೀಸವಾಲಿನಲ್ಲಿ ಉತ್ತರ ಗೊತ್ತಿಲ್ಲದ ಪ್ರಶ್ನೆ ಕೇಳಬೇಡ ಎಂದು ಕಲಿಸುತ್ತಾರಲ್ಲ, ಇಲ್ಲಿ ಅದನ್ನು ತಿರುಗಿಸು. ಪ್ರತಿಯೊಬ್ಬರೂ ತಮಗೆ ಉತ್ತರ ಗೊತ್ತಿಲ್ಲದ ಒಂದು ಪ್ರಶ್ನೆ ತಂದರೆ ಸಾಕು, ಸಾರಾಂಶ ಬೇಡ. ಮೊದಲ ದಿನ ಯಾರೂ ತರದಿದ್ದರೆ ನೀನು ನನಗೆ ಬರೆದ ಸಾಲನ್ನೇ ಓದು. ಓದಲಾಗದಿದ್ದರೆ ಬಿಡು, ಬಲವಂತವಿಲ್ಲ. ನಾನೇ ಇಷ್ಟು ವರ್ಷ ಓದದವಳು, ನಿನಗೆ ಹೇಳುವುದಕ್ಕೂ ಸಂಕೋಚ.

ನನ್ನನ್ನೂ ಸೇರಿಸಿಕೊಳ್ಳುವುದಾದರೆ ಸೇರುತ್ತೇನೆ. ಆದರೆ ಹಿರಿಯ ವಕೀಲೆ, ನನ್ನ ದೊಡ್ಡಮ್ಮ ಎಂದೆಲ್ಲ ಪರಿಚಯ ಮಾಡಿಸಬೇಡ. ಸೀನಿಯರ್ ಇದ್ದಾರೆ ಎಂದೊಡನೆ ಜೂನಿಯರ್‌ಗಳ ಬಾಯಿ ಕಟ್ಟುತ್ತದೆ. ರಾತ್ರಿ ಒಂಬತ್ತರ ಮೇಲೆ ಇಟ್ಟರೆ ನನಗೆ ತೂಕಡಿಕೆ, ಅಷ್ಟು ನೋಡಿಕೊಂಡು ದಿನ ತಿಳಿಸು.

ನಿನ್ನ,
ದೊಡ್ಡಮ್ಮ