ಹೊಸ ಕಟ್ಟಡ ಕೇಳುವ ಮೊದಲು ಖಾಲಿ ಕೊಠಡಿ ಎಣಿಸಿ

ಮಾನ್ಯ ಸಂಪಾದಕರೇ,

ನಮ್ಮ ಶಿವಮೊಗ್ಗ ಜಿಲ್ಲೆಯ ಯಾವ ಕಾಲೇಜಿಗೆ ಹೋದರೂ ‘ಕೊಠಡಿ ಸಾಲದು’ ಅನ್ನುವ ಮಾತು ಕೇಳುತ್ತದೆ. ನಾನು ಭೌತಶಾಸ್ತ್ರ ಕಲಿಸಿದವಳು. ನಿವೃತ್ತಿಯಾಗುವವರೆಗೂ ನಮ್ಮ ಕಾಲೇಜಿನ ಟೈಮ್‌ಟೇಬಲ್ ಹಾಕುವ ಕೆಲಸ ನನ್ನ ಮೇಲೇ ಇತ್ತು. ಆ ಅನುಭವದ ಮೇಲೆ ಹೇಳುತ್ತೇನೆ, ಬಹಳ ಕಡೆ ಕೊಠಡಿಗಳು ಇವೆ. ಯಾವುದು ಯಾವ ಹೊತ್ತಿಗೆ ಖಾಲಿ ಅನ್ನೋ ಲೆಕ್ಕ ಯಾರ ಹತ್ತಿರವೂ ಇಲ್ಲ.

ಟೈಮ್‌ಟೇಬಲ್ ನೋಡಿದರೆ ಎಲ್ಲ ಕೊಠಡಿಯೂ ಭರ್ತಿ. ಹೋಗಿ ನೋಡಿದರೆ ಬಾಗಿಲಿಗೆ ಬೀಗ. 2021-22ರಲ್ಲಿ ಹೊಸ ಶಿಕ್ಷಣ ನೀತಿಯ ಜೊತೆ ಓಪನ್ ಎಲೆಕ್ಟಿವ್ (ಬೇರೆ ವಿಭಾಗದಿಂದ ಆರಿಸಿಕೊಳ್ಳುವ ವಿಷಯ) ಬಂದ ಮೇಲಂತೂ ಗೊಂದಲ ಜಾಸ್ತಿಯಾಯಿತು. ಎಂಬತ್ತು ಸೀಟಿನ ಹಾಲ್‌ನಲ್ಲಿ ಹತ್ತು ಹನ್ನೆರಡು ಮಕ್ಕಳು. ಪಕ್ಕದ ಚಿಕ್ಕ ಕೊಠಡಿಯಲ್ಲಿ ಕನ್ನಡ ತರಗತಿಗೆ ಬೆಂಚಿಗೆ ಐದೈದು ಜನ. ಲೆಕ್ಕ ಸುಲಭ: ವಾರದ ಅರ್ಧ ಹೊತ್ತು ಮಾತ್ರ ಕೊಠಡಿ ಬಳಕೆಯಾಗಿ, ಆಗಲೂ ಅರ್ಧ ಸೀಟು ಖಾಲಿ ಇದ್ದರೆ ನಿಜವಾದ ಬಳಕೆ ಶೇ 25 ಮಾತ್ರ. ಹೊರದೇಶದ ಕೆಲವು ವಿಶ್ವವಿದ್ಯಾಲಯಗಳು ಇದನ್ನು ಸೆನ್ಸರ್ ಇಟ್ಟು ಅಳೆಯುತ್ತವೆ. ನಾವೂ ಅಳೆಯಬೇಕು.

ಆದರೆ ಎಂಥ ಸೆನ್ಸರ್ ಅನ್ನೋದು ಮುಖ್ಯ. ಮೈಯ ಬಿಸಿ ಅಲುಗಾಡಿದ್ದನ್ನು ಗುರುತಿಸುವ ಪಿಐಆರ್ ಸೆನ್ಸರ್ ಅಗ್ಗ. ಅದು ಒಳಗೆ ಯಾರೋ ಇದ್ದಾರೆ ಅಂತ ಹೇಳುತ್ತದೆ, ಎಷ್ಟು ಜನ ಅಂತ ಹೇಳುವುದಿಲ್ಲ. ಲೈಟಿಗೆ ಜೋಡಿಸಿದ್ದರೆ, ಅಲುಗಾಡದೆ ಕೂತು ಓದುವವರನ್ನು ಗುರುತಿಸದೆ ಲೈಟ್ ಆರಿಸಿಬಿಡುತ್ತದೆ. ಬಾಗಿಲಲ್ಲಿ ಎರಡು ಇನ್‌ಫ್ರಾರೆಡ್ ಕಿರಣ ಇಟ್ಟರೆ, ಯಾವುದು ಮೊದಲು ಕಡಿಯಿತು ಅನ್ನುವುದರಿಂದ ಒಳಗೆ ಬಂದವರು, ಹೊರಗೆ ಹೋದವರು ಲೆಕ್ಕಕ್ಕೆ ಸಿಗುತ್ತಾರೆ. ಬೆಲ್ ಹೊಡೆದಾಗ ಗುಂಪಾಗಿ ನುಗ್ಗಿದರೆ ಲೆಕ್ಕ ಸ್ವಲ್ಪ ತಪ್ಪುತ್ತದೆ, ಆದರೂ ನಮ್ಮ ಕೆಲಸಕ್ಕೆ ಸಾಕು.

ನಮ್ಮ ಕಡೆಗೆ ಇನ್ನೊಂದೂ ಬೇಕು, ಇಂಗಾಲದ ಡೈಆಕ್ಸೈಡ್ ಅಳೆಯುವ ಸೆನ್ಸರ್. ಹೊರಗಿನ ಗಾಳಿಯಲ್ಲಿ ಅದು ಹತ್ತು ಲಕ್ಷಕ್ಕೆ ಸುಮಾರು 420 ಭಾಗ ಇರುತ್ತದೆ. ಜೂನ್, ಜುಲೈನ ಜಡಿಮಳೆಯಲ್ಲಿ ಎರಚಲು ಹೊಡೆಯುತ್ತದೆ ಅಂತ ಕಿಟಕಿ ಮುಚ್ಚಿ ಅರವತ್ತು ಜನ ಕೂತರೆ ಬೇಗನೆ 1000 ದಾಟುತ್ತದೆ, ಅಂದರೆ ಒಳಗೆ ಗಾಳಿಯಾಡುತ್ತಿಲ್ಲ ಅಂತ ಅರ್ಥ. ಮಕ್ಕಳು ಆಕಳಿಸಿದರೆ ನಾವು ಬೈಯುತ್ತೇವೆ. ಕೊಠಡಿಯ ಗಾಳಿಯನ್ನೂ ನೋಡಬೇಕು ಅಲ್ವಾ?

ಸೆನ್ಸರ್ ಹೇಳದ ವಿಷಯವೂ ಇದೆ. ಮಧ್ಯಾಹ್ನ ಮೂರರ ಮೇಲೆ ನಮ್ಮ ಕೊಠಡಿಗಳು ಖಾಲಿ ಅಂತ ಅದು ತೋರಿಸಬಹುದು. ಕಾರಣ ಬಸ್ಸು. ರಿಪ್ಪನ್‌ಪೇಟೆ, ಮಂಡಗದ್ದೆ ಕಡೆಯ ಒಳಹಳ್ಳಿಗಳಿಗೆ ಹೋಗುವ ಮಕ್ಕಳಿಗೆ ಒಂದು ಬಸ್ಸು ತಪ್ಪಿದರೆ ಮನೆ ಸೇರುವಾಗ ಕತ್ತಲು. ಖಾಲಿ ಇದೆಯಲ್ಲ ಅಂತ ಸಂಜೆಗೆ ತರಗತಿ ತಳ್ಳಿದರೆ ಮೊದಲು ಕಾಲೇಜು ಬಿಡುವವರು ಹೆಣ್ಣುಮಕ್ಕಳು. ಹಾಗೇ, ಸಂಸ್ಕೃತಕ್ಕೋ ಭೂಗರ್ಭಶಾಸ್ತ್ರಕ್ಕೋ ಏಳೆಂಟು ಜನ ಇದ್ದಾರೆ ಅಂತ ವಿಭಾಗವನ್ನೇ ಮುಚ್ಚಲು ಈ ಅಂಕಿಗಳನ್ನು ಬಳಸಬಾರದು. ಅವರಿಗೆ ಚಿಕ್ಕ ಕೊಠಡಿ ಕೊಡಿ, ಸಾಕು.

ಕೊಠಡಿಯನ್ನು ಎಣಿಸುವುದು ಬೇರೆ, ಮನುಷ್ಯರ ಬೆನ್ನು ಹತ್ತುವುದು ಬೇರೆ. ಬಾಸ್ಟನ್‌ನ ನಾರ್ತ್‌ಈಸ್ಟರ್ನ್ ವಿಶ್ವವಿದ್ಯಾಲಯದಲ್ಲಿ 2022ರಲ್ಲಿ ಸಂಶೋಧನಾ ವಿದ್ಯಾರ್ಥಿಗಳಿಗೆ ಹೇಳದೆ ಅವರ ಮೇಜಿನ ಕೆಳಗೆ ಸೆನ್ಸರ್ ಅಂಟಿಸಿದರು. ವಿದ್ಯಾರ್ಥಿಗಳು ಅವನ್ನು ಕಿತ್ತು ಪ್ರತಿಭಟಿಸಿದರು. ಕೊನೆಗೆ ವಿಶ್ವವಿದ್ಯಾಲಯ ಎಲ್ಲವನ್ನೂ ತೆಗೆಸಬೇಕಾಯಿತು. ನಮ್ಮಲ್ಲಿ ಹಾಗಾಗಬಾರದು. ಮೇಜಿಗೆ ಬೇಡ, ಮುಖ ಗುರುತಿಸುವ ಕ್ಯಾಮೆರಾ ಬೇಡ, ಹಾಜರಾತಿಗೆ ಜೋಡಿಸುವುದೂ ಬೇಡ. ಬಾಗಿಲಲ್ಲಿ ಬರೀ ತಲೆ ಲೆಕ್ಕ ಸಾಕು. ಯಾಕೆ ಇಟ್ಟಿದ್ದೇವೆ ಅಂತ ಅಲ್ಲೇ ಕನ್ನಡದಲ್ಲಿ ಬರೆದು ಹಾಕಲಿ.

ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯ ಒಂದು ಕಟ್ಟಡದಲ್ಲಿ ಇದನ್ನು ಶುರು ಮಾಡಿದರೆ ಜಿಲ್ಲೆಯ ಕಾಲೇಜುಗಳಿಗೆ ದಾರಿ ಸಿಗುತ್ತದೆ. ಈ ಹೊತ್ತಿಗೆ ಯಾವ ಕೊಠಡಿ ಖಾಲಿ ಅಂತ ಒಂದು ಪರದೆಯಲ್ಲಿ ತೋರಿಸಿ, ಬೀಗ ತೆಗೆದಿಡಲಿ. ಬೆಳಗಿನ ಬಸ್ಸಿಗೆ ಬೇಗ ಬಂದು ಕಾರಿಡಾರ್‌ನಲ್ಲಿ ಕೊಡೆ ಹಿಡಿದು ನಿಲ್ಲುವ ಮಕ್ಕಳು ಒಳಗೆ ಕೂತು ಓದಿಕೊಳ್ಳಲಿ. ಹೊಸ ಕಟ್ಟಡಕ್ಕೆ ಅನುದಾನ ಕೇಳುವವರು ಒಂದು ಸೆಮಿಸ್ಟರ್‌ನ ಈ ಲೆಕ್ಕವನ್ನು ಅರ್ಜಿಗೆ ಲಗತ್ತಿಸಲೇಬೇಕು ಅಂತ ಕಾಲೇಜು ಶಿಕ್ಷಣ ಇಲಾಖೆ ನಿಯಮ ಮಾಡಲಿ.

— ನಿವೃತ್ತ ಭೌತಶಾಸ್ತ್ರ ಉಪನ್ಯಾಸಕಿ, ವಿನೋಬನಗರ, ಶಿವಮೊಗ್ಗ