ತಂದ ಮೊಲಕ್ಕೆ ಮೊದಲ ದಿನವೇ ಸ್ನಾನ ಬೇಡ

ಮಾನ್ಯ ಸಂಪಾದಕರೇ,

ಜಾತ್ರೆ-ಸಂತೆಯಲ್ಲಿ ಮಕ್ಕಳ ಹಟಕ್ಕೆ ಕೊಂಡ ಬಿಳಿ ಮೊಲಗಳು ಮಳೆಗಾಲ ಹಿಡಿಯುವ ಹೊತ್ತಿಗೆ ಎಷ್ಟೋ ಮನೆಗಳಿಗೆ ಬೇಡವಾಗುತ್ತವೆ. ಉಚ್ಚೆಯಲ್ಲಿ ನೆಂದು, ಕೂದಲು ಜಡೆಗಟ್ಟಿ ಮೂಲೆ ಸೇರಿದ ಅಂಥ ಮೊಲವನ್ನು ಕನಿಕರದಿಂದ ತಂದವರು ಮೊದಲು ಹುಡುಕುವುದು ಬಕೆಟ್ ನೀರು, ಶಾಂಪೂ. ದಯವಿಟ್ಟು ಬೇಡ. ಮುಳುಗಿಸಿದ ಮೊಲ ಹೆದರಿ ಒದೆಯುತ್ತದೆ. ಆ ಒದೆತಕ್ಕೆ ಅದರ ಬೆನ್ನುಮೂಳೆಯೇ ಮುರಿಯಬಹುದು. ಆಷಾಢದ ಕಾರವಾರದಲ್ಲಿ ಹತ್ತಿಯ ಅಂಗಿಯೇ ಎರಡು ದಿನ ಒಣಗದು, ಮೊಲದ ದಟ್ಟ ಒಳಗೂದಲು ಒಣಗೀತೇ? ಮೈ ತಣ್ಣಗಾಗಿ ಹೊಟ್ಟೆಯ ಚಲನೆ ನಿಲ್ಲಬಹುದು.

ಮೊದಲ ದಿನ ನೋಡಬೇಕಾದದ್ದು ಕೊಳೆಯನ್ನಲ್ಲ, ಹಿಕ್ಕೆಯನ್ನು. 12 ಗಂಟೆ ಏನೂ ತಿನ್ನದ, ಹಿಕ್ಕೆ ಹಾಕದ ಮೊಲವನ್ನು ಬೆಳಗಾಗಲಿ ಎಂದು ಕಾಯದೆ ಪಶುವೈದ್ಯರಿಗೆ ತೋರಿಸಬೇಕು. ನೀರನ್ನು ಬಾಟಲಿಯಲ್ಲಿ ಕೊಡುವುದಕ್ಕಿಂತ ಭಾರದ ಬಟ್ಟಲಲ್ಲಿ ಇಡುವುದು ಒಳ್ಳೆಯದು. ಕಿಲೋ ತೂಕಕ್ಕೆ ದಿನಕ್ಕೆ ಸುಮಾರು 100 ಮಿ.ಲೀ. ಬೇಕಾಗುತ್ತದೆ.

ಶುಚಿ ಮಾಡಲು ಇಬ್ಬರು ಬೇಕು. ಮೇಜಿನ ಮೇಲಲ್ಲ, ನೆಲದಲ್ಲಿ ಟವೆಲ್ ಹಾಸಿ ಕೂರಿಸಿ. ಕಿವಿ ಹಿಡಿದು ಎತ್ತಬೇಡಿ, ಹಿಂಭಾಗಕ್ಕೆ ಕೈ ಆನಿಸಿ. ಅಂಗಾತ ಮಲಗಿಸಿದರೆ ಮೊಲ ಅಲುಗಾಡದೆ ಬಿದ್ದಿರುತ್ತದೆ. ಅದು ಹಾಯಾಗಿದೆ ಎಂದಲ್ಲ, ಭಯಕ್ಕೆ ಮರಗಟ್ಟಿದೆ. ಗಂಟುಗಳಿಗೆ ಕಾರ್ನ್‌ಫ್ಲೋರ್ ಉದುರಿಸಿ ಬೆರಳಲ್ಲಿ ಬಿಡಿಸಿ. ಮುಖಕ್ಕೆ ಹಾಕುವ ಪೌಡರ್ ಬೇಡ, ಅದರ ಧೂಳು ಶ್ವಾಸಕೋಶಕ್ಕೆ ಹೋಗುತ್ತದೆ. ಬಿಡದ ಗಂಟನ್ನು ಎಳೆಯಬಾರದು. ಮೊಲದ ಚರ್ಮ ಬಹಳ ತೆಳು. ಎಳೆದ ಗಂಟಿನೊಂದಿಗೆ ಚರ್ಮವೂ ಎದ್ದು ಕತ್ತರಿಯ ಬಾಯಿಗೆ ಸಿಗುತ್ತದೆ. ಗಂಟಿನ ಬುಡಕ್ಕೆ ಹೇನಿನ ಬಾಚಣಿಗೆ ತೂರಿಸಿ, ಬಾಚಣಿಗೆಯ ಮೇಲೆ ಮಾತ್ರ ಮೊಂಡು ತುದಿಯ ಕತ್ತರಿ ಆಡಿಸಿ. ಹದಿನೈದು ನಿಮಿಷ ಸಾಕು, ಉಳಿದದ್ದು ನಾಳೆಗಿರಲಿ.

ಹಿಂಭಾಗಕ್ಕೆ ಹಿಕ್ಕೆ ಮೆತ್ತಿ ಗಟ್ಟಿಯಾಗಿದ್ದರೆ ಮಾತ್ರ ನೀರು. ಅಗಲ ಟಬ್ಬಿನಲ್ಲಿ 2 ಸೆಂ.ಮೀ. ಉಗುರುಬೆಚ್ಚಗಿನ ನೀರು, ಸೋಪಿಲ್ಲ. ಮುಂಗಾಲು ಹೊರಗಿರಲಿ, ಐದು ನಿಮಿಷ ನೆನೆದರೆ ತಾನೇ ಕಳಚುತ್ತದೆ. ಒರಸಿ, ಕೂದಲ ಬುಡದವರೆಗೂ ಒಣಗಿಸಿ. ಉಚ್ಚೆಯಿಂದ ಬೆಂದ ಚರ್ಮಕ್ಕೆ ಅರಿಸಿನ, ಕೊಬ್ಬರಿ ಎಣ್ಣೆ ಬೇಡ. ಕೂದಲು ಮತ್ತೆ ಅಂಟುತ್ತದೆ, ಮೊಲ ನೆಕ್ಕುತ್ತದೆ.

ಆದರೆ ಮೆತ್ತಿದ್ದೇಕೆ? ಮೊಲ ಗಟ್ಟಿ ಹಿಕ್ಕೆಯ ಜೊತೆ ದ್ರಾಕ್ಷಿಗೊಂಚಲಿನಂಥ ಮೆತ್ತನೆಯದನ್ನೂ ಹಾಕುತ್ತದೆ, ಅದನ್ನು ಕೂಡಲೇ ತಾನೇ ತಿನ್ನುತ್ತದೆ. ಬಿಸ್ಕತ್ತು, ಅನ್ನ, ಅವಲಕ್ಕಿ, ಕ್ಯಾರೆಟ್ ತಿಂದು ಕೊಬ್ಬಿದರೆ ಬಾಗಿ ಬಾಯಿ ತಾಗಿಸಲಾಗದೆ ಅದು ಮೈಗೇ ಮೆತ್ತುತ್ತದೆ. ಹಾಗಾಗಿ ತೊಳೆದಷ್ಟಕ್ಕೆ ಮುಗಿಯದು, ಆಹಾರ ಬದಲಾಗಬೇಕು: ಹೆಚ್ಚಿನ ಪಾಲು ಗರಿಕೆ, ಒಣಹುಲ್ಲು. ಒಮ್ಮೆಲೇ ಬದಲಿಸಿದರೆ ಭೇದಿ ಹಿಡಿಯುತ್ತದೆ, ವಾರ-ಹತ್ತು ದಿನ ತೆಗೆದುಕೊಳ್ಳಿ. ರಾಶಿ ಹಾಕಿ ಬಿಸಿಯೇರಿದ ಹಸಿಹುಲ್ಲು, ಬೂಷ್ಟು ಹಿಡಿದ ಒಣಹುಲ್ಲು ಎರಡೂ ಕೂಡದು.

ಮಳೆಗಾಲದಲ್ಲಿ ದೊಡ್ಡ ಶತ್ರು ನೊಣ. ಒದ್ದೆ ಹಿಂಭಾಗದಲ್ಲಿ ಅಕ್ಕಿನುಚ್ಚಿನಂತೆ ಮೊಟ್ಟೆ ಇಡುತ್ತದೆ, ಒಂದೇ ದಿನದಲ್ಲಿ ಹುಳವಾಗಿ ಮಾಂಸ ಕೊರೆಯುತ್ತದೆ. ಬೆಳಿಗ್ಗೆ-ಸಂಜೆ ಬಾಲದಡಿ ನೋಡಲೇಬೇಕು. ಹುಳ ಕಂಡರೆ ಚಿಮುಟದಿಂದ ತೆಗೆಯುತ್ತಲೇ ಆಸ್ಪತ್ರೆಗೆ ಹೊರಡಿ. ದನದ ಹುಣ್ಣಿಗೆ ಹಾಕುವ ಟರ್ಪೆಂಟೈನ್ ಹಾಕಬೇಡಿ. ಉಣುಗು, ಚಿಗಟ ಸಾಯಲೆಂದು ನಾಯಿಗೆ ಹಚ್ಚುವ ಫಿಪ್ರೋನಿಲ್ ಮೊಲಕ್ಕೆ ವಿಷ. ಬಾಯಿಯಿಂದ ಕೊಡುವ ಅಮಾಕ್ಸಿಸಿಲಿನ್ ಎಂಬ ಆ್ಯಂಟಿಬಯೋಟಿಕ್ ಕೂಡ ಕರುಳಿನ ಒಳ್ಳೆಯ ಸೂಕ್ಷ್ಮಾಣು ಕೊಂದು ಮೊಲವನ್ನೇ ಕೊಲ್ಲಬಹುದು. ಮನೆಯಲ್ಲಿ ಉಳಿದ ಮಾತ್ರೆ ಪುಡಿ ಮಾಡಿ ಹಾಕುವ ಅಭ್ಯಾಸ ನಮ್ಮಲ್ಲಿ ಜಾಸ್ತಿ. ಕಿವಿಯೊಳಗೆ ಪದರ ಪದರ ಹಕ್ಕಳೆ ಕಂಡರೆ ಕೀಳಬೇಡಿ. ಅದು ನುಸಿಯ ಕೆಲಸ, ವೈದ್ಯರು ತೂಕ ನೋಡಿ ಔಷಧ ಕೊಟ್ಟ ಮೇಲೆ ತಾನೇ ಉದುರುತ್ತದೆ. ಕಜ್ಜಿ, ಗಜಕರ್ಣ ನಮಗೂ ಹತ್ತುವುದರಿಂದ ಕೈಗವಸು ಇರಲಿ. ಉದ್ದ ಬೆಳೆದ ಹಲ್ಲನ್ನು ಉಗುರು ಕತ್ತರಿಯಿಂದ ಕತ್ತರಿಸಿದರೆ ಬೇರಿನವರೆಗೂ ಸೀಳುತ್ತದೆ, ಕೀವು ತುಂಬುತ್ತದೆ. ಅದು ವೈದ್ಯರ ಕೆಲಸ.

ಗೂಡಿನ ಬರಿ ಜಾಲರಿಯ ಮೇಲೆ ನಿಂತರೆ ಪಾದ ಹುಣ್ಣಾಗುತ್ತದೆ. ಅಡಿಕೆ ಹಾಳೆ ಹಾಸಿ, ಮೇಲೆ ದಪ್ಪಗೆ ಭತ್ತದ ಹುಲ್ಲು ಹಾಕಿ, ಒದ್ದೆಯಾದದ್ದನ್ನು ದಿನವೂ ತೆಗೆದರೆ ಖರ್ಚೇ ಇಲ್ಲ. ಶಿರಸಿ, ಸಿದ್ದಾಪುರದ ಕಡೆ ಕೊಟ್ಟಿಗೆಗೆ ಹಾಕುವ ದರಕು (ಕಾಡಿನ ಒಣಗಿದ ಎಲೆ) ಮಾತ್ರ ಬೇಡ. ಅದರೊಂದಿಗೆ ಉಣುಗು ಬರುತ್ತದೆ, ಉಣುಗಿನಿಂದ ಹರಡುವ ಮಂಗನ ಕಾಯಿಲೆಯ ಸೀಮೆಯಲ್ಲಿ ಅದು ಆಟದ ಮಾತಲ್ಲ. ಗೂಡಿನಡಿಯ ತಟ್ಟೆಯಲ್ಲಿ ಬಿಳಿ ಸುಣ್ಣದಂತೆ ಕಟ್ಟುವ ಉಚ್ಚೆಕಲೆ ವಿನೆಗರಿಗೆ ಬಿಡುತ್ತದೆ. ಫಿನಾಯಿಲ್ ಬೇಡ.

ಎರಡು ಮೊಲ ಸಿಕ್ಕರೆ ಗಂಡು-ಹೆಣ್ಣು ಖಚಿತವಾಗುವವರೆಗೆ ಬೇರೆ ಬೇರೆ ಇಡಿ. ಗರ್ಭಕಾಲ ಸುಮಾರು 31 ದಿನ, ಮರಿ ಹಾಕಿದ ದಿನವೇ ಮತ್ತೆ ಗಬ್ಬವಾಗಬಲ್ಲದು.

ಗದ್ದೆಯಂಚಿನಲ್ಲಿ ಒಂಟಿಯಾಗಿ ಕಾಣುವ ಕಂದು ಮರಿಗೆ ಮೇಲಿನ ಯಾವುದೂ ಅನ್ವಯಿಸದು. ಅದು ಕಾಡುಮೊಲ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದನ್ನು ಸಾಕುವಂತಿಲ್ಲ. ಹಾಲೂಡಿಸಲು ತಾಯಿ ಕತ್ತಲಾದ ಮೇಲೆ ಬರುತ್ತದೆ. ಗಾಯವಿಲ್ಲದಿದ್ದರೆ ಮರಿಯನ್ನು ಇದ್ದಲ್ಲೇ ಬಿಡಿ, ಗಾಯವಾಗಿದ್ದರೆ ಅರಣ್ಯ ಇಲಾಖೆಗೆ ತಿಳಿಸಿ.

– ಇಬ್ಬರು ಓದುಗರು, ಕುಮಟಾ